ಎಡ್ವರ್ಡ್ ಕೋಲ್ಸ್ ಎಂಬ ಗವರ್ನರ್ ಬಗ್ಗೆ ನಮಗ್ಯಾಕೆ ಯಾರೂ ಹೇಳಲಿಲ್ಲ?

ಹಳೇ_ಪುಸ್ತಕ
ಅಮೆರಿಕದ ಇತಿಹಾಸ ಅಂದರೆ ನಮಗೆ ವಾಷಿಂಗ್ಟನ್, ಜೆಫರ್ಸನ್, ಆಮೇಲೆ ನೇರವಾಗಿ ಲಿಂಕನ್. ನಡುವಿನ ಐವತ್ತು ವರ್ಷ ಏನಾಯಿತು ಅಂತ ಯಾರೂ ಕೇಳೋದಿಲ್ಲ. ಈಚೆಗೆ ಎಡ್ವರ್ಡ್ ಕೋಲ್ಸ್ ಬದುಕಿನ ಬಗ್ಗೆ ಓದಲು ಕೂತೆ. ಕೆಳಗಿಡಲಿಕ್ಕೇ ಮನಸ್ಸು ಬರಲಿಲ್ಲ.

ಚಿಕ್ಕದಾಗಿ ಹೇಳ್ತೀನಿ. 1786ರಲ್ಲಿ ವರ್ಜೀನಿಯಾದಲ್ಲಿ ಹುಟ್ಟು. ದೊಡ್ಡ ಜಮೀನ್ದಾರರ ಮನೆ. ಜೆಫರ್ಸನ್, ಮ್ಯಾಡಿಸನ್ ಇವರೆಲ್ಲ ಆ ಮನೆಗೆ ಗೊತ್ತಿದ್ದ ಜನ. ಕಾಲೇಜಲ್ಲಿ ಓದುವಾಗಲೇ ಹುಡುಗನಿಗೆ ಗುಲಾಮಗಿರಿ ತಪ್ಪು ಅನ್ನಿಸಿತು. 1808ರಲ್ಲಿ ಅಪ್ಪ ತೀರಿಕೊಂಡರು. ಮಗನ ಪಾಲಿಗೆ 782 ಎಕರೆ ಜಮೀನು, ಜೊತೆಗೆ ಸುಮಾರು ಇಪ್ಪತ್ತು ಮಂದಿ ಗುಲಾಮರು ಬಂದರು. 1819ರಲ್ಲಿ ಅವರಲ್ಲಿ ಹೆಚ್ಚಿನವರನ್ನು ಕರೆದುಕೊಂಡು ಇಲಿನಾಯ್ ಕಡೆ ಹೊರಟು, ದಾರಿಯಲ್ಲೇ ಬಿಡುಗಡೆ ಮಾಡಿದರು. 1822ರಲ್ಲಿ ಆ ರಾಜ್ಯದ ಎರಡನೇ ಗವರ್ನರ್ ಆದರು. ಇಲಿನಾಯನ್ನು ಗುಲಾಮಗಿರಿಯ ರಾಜ್ಯ ಮಾಡಲು ಹೊರಟವರನ್ನು ಎದುರು ಹಾಕಿಕೊಂಡು ಸೋಲಿಸಿದರು.

ನನ್ನ ಪ್ರಶ್ನೆ ಎರಡು. ತಪ್ಪು ಅಂತ ಗೊತ್ತಿದ್ದೂ ಹನ್ನೊಂದು ವರ್ಷ ಬಿಡದೆ ಇಟ್ಟುಕೊಂಡವರನ್ನು ದೊಡ್ಡವರು ಅನ್ನಬಹುದಾ? ಇನ್ನೊಂದು, 1787ರ ಕಾಯ್ದೆ ಪ್ರಕಾರ ಓಹಾಯೋ ನದಿಯ ಉತ್ತರಕ್ಕೆ ಗುಲಾಮಗಿರಿ ಇರಲೇಬಾರದಿತ್ತು. ಹಾಗಿದ್ದ ಮೇಲೆ ಇಲಿನಾಯ್‌ನಲ್ಲಿ ಆ ಗಲಾಟೆ ಎದ್ದದ್ದಾದರೂ ಹೇಗೆ?

ತುಂಗಾತೀರ
ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇಲ್ಲ. ಹನ್ನೊಂದು ವರ್ಷ ಕಾದ ಮನುಷ್ಯನಿಗೆ ನಾನು ಹಾರ ಹಾಕಲ್ಲ.

ಕರಿಕೋಟು
ತುಂಗಾತೀರ ಅವರೇ, ಸ್ವಲ್ಪ ತಡೀರಿ. ಅಲ್ಲಿನ ಕಾನೂನು ನೋಡದೆ ಹೀಗೆ ಹೇಳಿಬಿಟ್ಟರೆ ಹೇಗೆ? 1806ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು. ಬಿಡುಗಡೆಯಾದ ಕರಿಯ ಜನ ಹನ್ನೆರಡು ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು. ಹೋಗದಿದ್ದರೆ ಮತ್ತೆ ಹಿಡಿದು ಮಾರಬಹುದು. ಅಂದರೆ 'ಹೋಗ್ರಪ್ಪ, ಇವತ್ತಿಂದ ನೀವು ಸ್ವತಂತ್ರರು' ಅಂತ ಬಾಯಲ್ಲಿ ಹೇಳಿದರೆ ಸಾಲದು. ಅವರು ಹೋಗಿ ನಿಲ್ಲಲು ಬೇರೆ ರಾಜ್ಯದಲ್ಲಿ ನೆಲ ಬೇಕು, ದಾರಿ ಖರ್ಚು ಬೇಕು. ಇವರ ಕೈಯಲ್ಲಿ ಇದ್ದದ್ದು ಜಮೀನು, ದುಡ್ಡಲ್ಲ. ಅದನ್ನು ಮಾರುವವರೆಗೆ ಏನೂ ಆಗುವಂತಿರಲಿಲ್ಲ.

ತುಂಗಾತೀರ
ಸರಿ ಸರ್, ಕಾನೂನು ಇತ್ತು. ಆದರೆ 1810ರಿಂದ 1815ರವರೆಗೆ ಇವರು ಎಲ್ಲಿದ್ದರು? ಅಧ್ಯಕ್ಷ ಮ್ಯಾಡಿಸನ್‌ರ ಖಾಸಗಿ ಕಾರ್ಯದರ್ಶಿಯಾಗಿ ಶ್ವೇತಭವನದಲ್ಲಿ. ಆ ಜಮೀನಿನಲ್ಲಿ ಬೆಳೆ ತೆಗೆಯುತ್ತಿದ್ದವರು ಯಾರು? ಅದೇ ಜನ. ದೆಹಲಿಯಲ್ಲಿ ದೊಡ್ಡ ಹುದ್ದೆಯಲ್ಲಿರೋ ಧಣಿಯ ಹೊಲದಲ್ಲಿ ಊರಲ್ಲಿ ಜೀತದಾಳು ದುಡಿದ ಹಾಗೆ. ಮನಸ್ಸಿನಲ್ಲಿ ಒಳ್ಳೆ ವಿಚಾರ ಇದ್ದರೆ ಹೊಲದಲ್ಲಿ ಬಗ್ಗಿ ನಿಂತವರ ಬೆನ್ನು ನೋವು ಕಮ್ಮಿ ಆಗುತ್ತಾ?

ಮೇಷ್ಟ್ರು_ಧಾರವಾಡ
ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಆ ಹನ್ನೊಂದು ವರ್ಷದ ನಡುವೆ ನಡೆದ ಒಂದು ಪತ್ರ ವ್ಯವಹಾರ ಇದೆ. ಅದನ್ನು ಬಿಟ್ಟರೆ ಈ ಮನುಷ್ಯ ಅರ್ಥ ಆಗಲ್ಲ.

1814ರ ಜುಲೈ 31. ಕೋಲ್ಸ್‌ಗೆ 27 ವರ್ಷ. ಜೆಫರ್ಸನ್‌ಗೆ 71. ಸ್ವಾತಂತ್ರ್ಯ ಘೋಷಣೆ ಬರೆದ ಕೈ, ಎರಡು ಸಲ ಅಧ್ಯಕ್ಷರಾಗಿದ್ದ ಹಿರಿಯರು. ಅಂಥವರಿಗೆ ಈ ಹುಡುಗ ಕಾಗದ ಬರೀತಾನೆ. ವರ್ಜೀನಿಯಾದಲ್ಲಿ ಗುಲಾಮಗಿರಿ ಹಂತಹಂತವಾಗಿ ಕೊನೆಯಾಗಬೇಕು, ಅದಕ್ಕೆ ನೀವೇ ಮುಂದೆ ನಿಲ್ಲಬೇಕು ಅಂತ. ನಾನಂತೂ ನನ್ನವರನ್ನು ಬಿಡುಗಡೆ ಮಾಡಿ ಈ ರಾಜ್ಯವನ್ನೇ ಬಿಡ್ತೀನಿ ಅಂತಲೂ ತಿಳಿಸುತ್ತಾನೆ.

ಆಗಸ್ಟ್ 25ಕ್ಕೆ ಜೆಫರ್ಸನ್ ಉತ್ತರ ಬರೆದರು. ಹಿಂದಿನ ದಿನವಷ್ಟೇ ಬ್ರಿಟಿಷರು ವಾಷಿಂಗ್ಟನ್‌ಗೆ ನುಗ್ಗಿ ಶ್ವೇತಭವನಕ್ಕೆ ಬೆಂಕಿ ಹಚ್ಚಿದ್ದರು. ಉತ್ತರ ತುಂಬಾ ನಯವಾಗಿದೆ. ನಿನ್ನ ಮಾತು ಸರಿ, ನ್ಯಾಯ ನಿನ್ನ ಕಡೆ ಇದೆ, ಆದರೆ ನನಗೆ ವಯಸ್ಸಾಯಿತು, ಈ ಕೆಲಸ ಯುವಕರದ್ದು. ನೀನೂ ನಿನ್ನ ಆಳುಗಳನ್ನು ಕೈಬಿಡಬೇಡ, ಅವರಿಗೆ ಚೆನ್ನಾಗಿ ಊಟ ಬಟ್ಟೆ ಕೊಟ್ಟುಕೊಂಡು ವರ್ಜೀನಿಯಾದಲ್ಲೇ ಇರು, ಒಳಗಿದ್ದುಕೊಂಡೇ ಜನರ ಮನಸ್ಸು ಬದಲಿಸು.

ಹುಡುಗ ಸುಮ್ಮನಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೆ ಬರೆದ. ಬೆಂಜಮಿನ್ ಫ್ರಾಂಕ್ಲಿನ್ ನಿಮಗಿಂತ ಹೆಚ್ಚು ವಯಸ್ಸಾದ ಮೇಲೂ ಇಷ್ಟೇ ಕಷ್ಟದ ಕೆಲಸಗಳನ್ನು ಮಾಡಿದರಲ್ಲ ಅಂತ ನೆನಪಿಸಿದ. ಅದಕ್ಕೆ ಜೆಫರ್ಸನ್ ಏನು ತಾನೇ ಹೇಳಿಯಾರು?

ರಂಗೋಲಿ
ಮೇಷ್ಟ್ರೇ, ಓದಿ ರೋಮಾಂಚನ ಆಯ್ತು. 'ನನಗೆ ವಯಸ್ಸಾಯಿತು' ಅನ್ನೋರು ಅದೇ ವಯಸ್ಸಿನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದರಲ್ವಾ? ಅದಕ್ಕೆ ಶಕ್ತಿ ಇತ್ತು.

ಕರಿಕೋಟು
ಇತ್ತು ಮೇಡಂ. 1819ರಲ್ಲಿ ಅದಕ್ಕೆ ಸನದು ಸಿಕ್ಕಿತು. ಅದೇ ವರ್ಷ ಕೋಲ್ಸ್ ವರ್ಜೀನಿಯಾ ಬಿಟ್ಟರು.

ಓದುಬರಹ_ಸುಮಾ
ದೋಣಿ ಕತೆ ಯಾರೂ ಹೇಳ್ತಾ ಇಲ್ವಲ್ಲ! ನಾನೇ ಹೇಳ್ತೀನಿ.

1819ರ ಏಪ್ರಿಲ್. ಜಮೀನನ್ನು ತಮ್ಮ ಅಣ್ಣನಿಗೇ ಮಾರಿ ಆಗಿತ್ತು. ಗಾಡಿ ಕಟ್ಟಿಕೊಂಡು ಬೆಟ್ಟ ದಾಟಿ ಬಂದರು. ಆಮೇಲೆ ಚಪ್ಪಟೆ ತಳದ ದೋಣಿಗಳು. ಪಿಟ್ಸ್‌ಬರ್ಗ್ ದಾಟಿದ ಮೇಲೆ ಓಹಾಯೋ ನದಿ. ಚೆನ್ನಾಗಿ ಬಿಸಿಲು ಬಿದ್ದ ದಿನ, ನೀರು ತಣ್ಣಗೆ ಹರೀತಾ ಇದೆ, ಎರಡು ದಡದಲ್ಲೂ ಹಸಿರು. ದೋಣಿಗಳನ್ನು ಒಂದಕ್ಕೊಂದು ಕಟ್ಟಿಸಿ ಎಲ್ಲರನ್ನೂ ಒಂದು ಕಡೆ ಸೇರಿಸಿದರು. ಅಲ್ಲಿವರೆಗೆ ಆ ಜನಕ್ಕೆ ಏನೂ ಗೊತ್ತಿಲ್ಲ. ಧಣಿ ಹೊಸ ಊರಿಗೆ ಹೊರಟಿದ್ದಾರೆ, ನಾವೂ ಹೋಗ್ತಾ ಇದ್ದೀವಿ, ಅಷ್ಟೇ.

ಅಲ್ಲಿ ನಿಂತು ಕೋಲ್ಸ್ ಎರಡೇ ಮಾತಲ್ಲಿ ಹೇಳಿದರು. ನೀವು ಇನ್ನು ಗುಲಾಮರಲ್ಲ. ನಾನೆಷ್ಟು ಸ್ವತಂತ್ರನೋ ನೀವೂ ಅಷ್ಟೇ. ಬೇಕಾದರೆ ನನ್ನ ಜೊತೆ ಬನ್ನಿ, ಬೇಡವಾದರೆ ಇಲ್ಲೇ ದಡಕ್ಕೆ ಇಳಿದು ಹೋಗಿ.

ಯಾರೂ ಮಾತಾಡಲಿಲ್ಲವಂತೆ. ಇವರ ಮುಖ, ತಮ್ಮತಮ್ಮ ಮುಖ ನೋಡಿಕೊಂಡರಂತೆ. ನಂಬಬೇಕೋ ಬೇಡವೋ ಗೊತ್ತಾಗಲಿಲ್ಲ. ಆಮೇಲೆ ತಡೆಯಲಾರದೆ ಒಂದು ನಗು, ಅದರ ಹಿಂದೆಯೇ ಅಳು. ಅವರಲ್ಲಿ ರಾಲ್ಫ್ ಎನ್ನುವ ಹಿರಿಯ ಎದ್ದು, ನಿಮಗಾದ ಖರ್ಚು ತೀರುವವರೆಗೆ ದುಡಿದುಕೊಡ್ತೀವಿ, ಆಮೇಲೆ ಬಿಡಿ ಅಂದನಂತೆ. ಕೋಲ್ಸ್ ಒಪ್ಪಲಿಲ್ಲ. ಅದರ ಮೇಲೆ ಒಂದೊಂದು ಕುಟುಂಬದ ಯಜಮಾನನಿಗೂ 160 ಎಕರೆ ನೆಲ ಕೊಡ್ತೀನಿ ಅಂತ ಹೇಳಿದರು. ಈ ಪ್ರಸಂಗ ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತೆ.

ತುಂಗಾತೀರ
ಸುಮಾ ಅವರೇ, ಇದನ್ನೆಲ್ಲ ಬರೆದಿಟ್ಟವರು ಯಾರು? ಕೋಲ್ಸ್ ಅವರೇ. ದೋಣಿಯಲ್ಲಿ ಕೂತಿದ್ದವರು ಬರೆದದ್ದಲ್ಲ. ನಡೆದೇ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಆದರೆ ರಾಲ್ಫ್‌ನ ಮಾತು ನಮಗೆ ಸಿಗೋದು ಧಣಿಯ ಕೈಬರಹದಲ್ಲಿ. ಅದನ್ನು ಮರೀಬಾರದು. ಮತ್ತೆ ಮನೆಯಲ್ಲಿ ಹೊರಡುವಾಗಲೇ ಯಾಕೆ ಹೇಳಲಿಲ್ಲ? ತಮ್ಮ ಬದುಕಿನ ತೀರ್ಮಾನ ತಮಗೇ ಗೊತ್ತಿಲ್ಲದೆ ಅಷ್ಟು ದೂರ ಬಂದರಲ್ಲ.

ಓದುಬರಹ_ಸುಮಾ
ವರ್ಜೀನಿಯಾದಲ್ಲಿ ಹೇಳಿದ್ದರೆ ಸುದ್ದಿ ಹಬ್ಬುತ್ತಿತ್ತು. ನೆರೆಹೊರೆಯ ಧಣಿಗಳು ಸುಮ್ನೆ ಬಿಡ್ತಿದ್ದರಾ? ದಾರಿಯುದ್ದಕ್ಕೂ ಅಪಾಯ. ಯಾರೇ ಆಗಿದ್ದರೂ ಗುಟ್ಟಾಗಿಯೇ ಇಡ್ತಿದ್ದರು.

ತುಂಗಾತೀರ
ಆ ಮಾತು ಒಪ್ತೀನಿ. ಬರೆದವರು ಯಾರು ಅನ್ನೋ ಪ್ರಶ್ನೆ ಬಿಡಲ್ಲ.

ಕರಿಕೋಟು
ಎಲ್ಲರೂ ಒಟ್ಟಿಗೆ ಬಿಡುಗಡೆ ಆಗಲಿಲ್ಲ ಅನ್ನೋದನ್ನೂ ಸೇರಿಸಬೇಕು. ಒಬ್ಬ ಹೆಂಗಸು ಮತ್ತು ಅವಳ ಚಿಕ್ಕ ಮಕ್ಕಳದ್ದು ಬೇರೆ ಕತೆ. ಅವಳ ಗಂಡ ಇನ್ನೊಬ್ಬರ ಗುಲಾಮ. ಸಂಸಾರ ಒಡೆಯಬಾರದು ಅಂತ ಕೋಲ್ಸ್ ಅವನನ್ನು ದುಡ್ಡು ಕೊಟ್ಟು ಕೊಂಡರು. ಆ ಕುಟುಂಬವನ್ನು ಸೇಂಟ್ ಲೂಯಿಯಲ್ಲಿ ನೆಲೆಗೊಳಿಸಿ ಕೆಲವು ವರ್ಷ ಕಳೆದ ಮೇಲೆ ಬಿಡುಗಡೆ ಪತ್ರ ಕೊಟ್ಟರು. ಮನುಷ್ಯನನ್ನು ಬಿಡಿಸಲಿಕ್ಕೆ ಮನುಷ್ಯನನ್ನು ಕೊಳ್ಳಬೇಕಾದ ವ್ಯವಸ್ಥೆ ಅದು.

ಪ್ರೇರಿ_ಕನ್ನಡಿಗ
ನಮಸ್ಕಾರ. ನಾನು ಇರೋದು ಇಲಿನಾಯ್‌ನಲ್ಲೇ. ಇಷ್ಟು ವರ್ಷ ಇಲ್ಲಿದ್ದರೂ ಅಕ್ಕಪಕ್ಕದ ಕನ್ನಡದವರು ಯಾರೂ ಕೋಲ್ಸ್ ಹೆಸರು ಎತ್ತಿದ್ದು ಕೇಳಿಲ್ಲ. ಇಲ್ಲಿ ಎಲ್ಲ ಕಡೆ ಲಿಂಕನ್. ಕಾರಿನ ನಂಬರ್ ಪ್ಲೇಟಿನ ಮೇಲೂ ಲಿಂಕನ್.

ಎಡ್ವರ್ಡ್ಸ್‌ವಿಲ್ ಎನ್ನುವ ಊರಿದೆ, ಸೇಂಟ್ ಲೂಯಿಗೆ ಹತ್ತಿರ. ಕೋಲ್ಸ್ ಬಂದು ನೆಲೆಸಿದ್ದು ಅಲ್ಲೇ. ಸರಕಾರಿ ಭೂಮಿ ಮಾರುವ ಕಚೇರಿಯ ರಿಜಿಸ್ಟ್ರಾರ್ ಆಗಿ ಕೆಲಸ. ಅಲ್ಲಿನ ಸ್ಮಶಾನದಲ್ಲಿ ಅವರಿಗೊಂದು ಸ್ಮಾರಕ ಕಟ್ಟಿದ್ದಾರೆ. ಸಮಾಧಿ ಅಲ್ಲ, ಬರೀ ಸ್ಮಾರಕ. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. ಕೋಲ್ಸ್ ಹೆಸರಿನ ಕೌಂಟಿಯೂ ಇದೆ. ಅದರ ಕೇಂದ್ರ ಚಾರ್ಲ್‌ಸ್ಟನ್, 1858ರಲ್ಲಿ ಲಿಂಕನ್ ಮತ್ತು ಡಗ್ಲಸ್ ವಾದ ಮಾಡಿದ ಊರುಗಳಲ್ಲಿ ಒಂದು. ಲಿಂಕನ್ ತಂದೆಯ ಸಮಾಧಿ ಇರೋದೂ ಅದೇ ಕೌಂಟಿಯಲ್ಲಿ.

ಹಳೇ ಪುಸ್ತಕ ಅವರ ಎರಡನೇ ಪ್ರಶ್ನೆಗೆ ಬರ್ತೀನಿ. ಕಾಗದದ ಮೇಲೆ ಇಲಿನಾಯ್ ಸ್ವತಂತ್ರ ರಾಜ್ಯ. ನಿಜದಲ್ಲಿ ಇಲ್ಲಿ ಜೀತದ ಕರಾರು ಇತ್ತು. ಕರಿಯ ಮನುಷ್ಯನ ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತಾರು ವರ್ಷಕ್ಕೆ ಕಟ್ಟಿಹಾಕಬಹುದಿತ್ತು. 99 ವರ್ಷದ ಕರಾರುಗಳೂ ಇದ್ದವು! ಶಾನೀಟೌನ್ ಹತ್ತಿರ ಉಪ್ಪಿನ ಬುಗ್ಗೆಗಳಿದ್ದವು. ಉಪ್ಪುನೀರು ಕುದಿಸುವ ಆ ಕೆಲಸಕ್ಕೆ ಬೇರೆ ರಾಜ್ಯದಿಂದ ಗುಲಾಮರನ್ನು ಬಾಡಿಗೆಗೆ ತರಬಹುದು ಅಂತ 1818ರ ಸಂವಿಧಾನದಲ್ಲೇ ಬರೆದಿತ್ತು, 1825ರವರೆಗೆ. 1820ರ ಜನಗಣತಿಯಲ್ಲಿ 'ಸ್ವತಂತ್ರ' ಇಲಿನಾಯ್‌ನಲ್ಲಿ ಲೆಕ್ಕಕ್ಕೆ ಸಿಕ್ಕ ಗುಲಾಮರು 917 ಮಂದಿ.

ರಂಗೋಲಿ
99 ವರ್ಷವಾ?! ಅದಕ್ಕೂ ಗುಲಾಮಗಿರಿಗೂ ಏನು ವ್ಯತ್ಯಾಸ?

ಪ್ರೇರಿ_ಕನ್ನಡಿಗ
ದುಡಿಯೋರಿಗೆ ಏನೂ ಇಲ್ಲ. ಕಾಗದ ಇಟ್ಟುಕೊಂಡವರಿಗೆ ಮಾತ್ರ ಇತ್ತು. ಇಲಿನಾಯ್ ಇನ್ನೂ ರಾಜ್ಯ ಆಗುವ ಮೊದಲು ಗವರ್ನರ್ ಆಗಿದ್ದ ನಿನಿಯನ್ ಎಡ್ವರ್ಡ್ಸ್ ಹತ್ತಿರವೇ ಇಂಥ ಆಳುಗಳಿದ್ದರು. ಎಡ್ವರ್ಡ್ಸ್‌ವಿಲ್ ಅನ್ನೋ ಹೆಸರು ಬಂದದ್ದು ಅವರಿಂದಲೇ.

ಗಂಜಾಂ_ಹುಡುಗ
ಸ್ವಲ್ಪ ದಾರಿ ತಪ್ಪಿಸ್ತೀನಿ, ಬೇಜಾರು ಮಾಡ್ಕೋಬೇಡಿ. ಕೋಲ್ಸ್‌ಗೆ ಪಾಲು ಬಂದ ಜಮೀನು ಇದ್ದದ್ದು ವರ್ಜೀನಿಯಾದ ನೆಲ್ಸನ್ ಕೌಂಟಿಯಲ್ಲಿ, ರಾಕ್‌ಫಿಶ್ ಹೊಳೆಯ ದಡದಲ್ಲಿ. ಆ ಹೆಸರು ಥಾಮಸ್ ನೆಲ್ಸನ್ ಅವರದ್ದು. ಅವರೂ ಗವರ್ನರ್. 1781ರಲ್ಲಿ ಜೆಫರ್ಸನ್ ಆದಮೇಲೆ ವರ್ಜೀನಿಯಾಗೆ ಬಂದವರು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ರಾಜ್ಯದ ಪಡೆ ಕಟ್ಟಿಕೊಂಡು ತಾವೇ ನಿಂತಿದ್ದರು. ಯಾರ್ಕ್‌ಟೌನ್‌ನಲ್ಲಿದ್ದ ಸ್ವಂತ ಮನೆಗೇ ಗುಂಡು ಹಾರಿಸಿ ಅಂತ ಹೇಳಿದರು ಅನ್ನೋ ಕತೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ.

ಆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಪತಿ ಯಾರು ಗೊತ್ತಾ? ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ಕ್ಕೆ ಶರಣಾಗತಿ. ಮೈಗೆ ಹುಷಾರಿಲ್ಲ ಅಂತ ಹೇಳಿ ತಾವು ಬರದೆ ಕೆಳಗಿನ ಅಧಿಕಾರಿಯ ಕೈಲಿ ಕತ್ತಿ ಕಳಿಸಿದರು. ಅದೇ ಮನುಷ್ಯ ಐದು ವರ್ಷಕ್ಕೆ ನಮ್ಮ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ನಮ್ಮ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತಗೊಂಡು ಹೋದ.

ಬನವಾಸಿ_ಬಾಲು
ಅಣ್ಣ, ಇದಕ್ಕಿಂತ ದೊಡ್ಡ ಕೊಂಡಿ ಇದೆ. ಕೋಲ್ಸ್ ಕೊನೆಗಾಲ ಕಳೆದದ್ದು ಫಿಲಡೆಲ್ಫಿಯಾದಲ್ಲಿ ಅಲ್ವಾ? ಅದೇ ಊರಿಂದ 1782ರಲ್ಲಿ ಒಂದು ಹಡಗು ಹೊರಟಿತು. ಹೆಸರು 'ಹೈದರ್ ಆಲಿ'! ಪೆನ್ಸಿಲ್ವೇನಿಯಾದ ವ್ಯಾಪಾರದ ಹಡಗುಗಳಿಗೆ ಕಾವಲಾಗಿ. ನಾಯಕ ಜೋಶುವಾ ಬಾರ್ನಿ, ಆಗ ಅವನಿಗೆ ಬರೀ 22 ವರ್ಷ. ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎನ್ನುವ ಬ್ರಿಟಿಷ್ ಹಡಗನ್ನು ಹಿಡಿದ. ಬ್ರಿಟಿಷರಿಗೆ ಏಟು ಕೊಡ್ತಾ ಇದ್ದ ನಮ್ಮ ಹೈದರ್‌ನ ಹೆಸರು ಅಷ್ಟು ದೂರ ಮುಟ್ಟಿತ್ತು. ಹೈದರ್ ಆಗಿನ್ನೂ ಬದುಕಿದ್ದ, ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ರಂಗೋಲಿ
ಏನ್ ಹೇಳ್ತಾ ಇದೀರ! ಇದಕ್ಕೇ ಬೇರೆ ಚರ್ಚೆ ಶುರು ಮಾಡಿ ಪ್ಲೀಸ್.

ಹಳೇ_ಪುಸ್ತಕ
ಖಂಡಿತ ಮಾಡಿ ಬಾಲು, ನಾನೂ ಬರ್ತೀನಿ. ಈಗ ಇಲಿನಾಯ್‌ಗೆ ವಾಪಸ್ ಬರೋಣ. ಗವರ್ನರ್ ಆದದ್ದು ಹೇಗೆ ಅಂತ ಯಾರಾದರೂ ಹೇಳ್ತೀರಾ?

ಮೇಷ್ಟ್ರು_ಧಾರವಾಡ
1822ರ ಚುನಾವಣೆಯಲ್ಲಿ ನಾಲ್ಕು ಜನ ನಿಂತಿದ್ದರು. ಕೋಲ್ಸ್‌ಗೆ 2,854 ಮತ. ಜೋಸೆಫ್ ಫಿಲಿಪ್ಸ್‌ಗೆ 2,687. ಥಾಮಸ್ ಬ್ರೌನ್‌ಗೆ 2,443. ಜೇಮ್ಸ್ ಮೂರ್‌ಗೆ 622. ಫಿಲಿಪ್ಸ್, ಬ್ರೌನ್ ಇಬ್ಬರೂ ಗುಲಾಮಗಿರಿಯ ಪರ ಇದ್ದವರ ಅಭ್ಯರ್ಥಿಗಳು. ಇಬ್ಬರೂ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಬೇರೆ. ಅವರ ಮತ ಒಡೆದದ್ದರಿಂದ ಕೋಲ್ಸ್ 167 ಮತದಲ್ಲಿ ಗೆದ್ದರು.

ಗೋಳಗುಮ್ಮಟ
ಅಂದರೆ ಮೂರರಲ್ಲಿ ಎರಡು ಪಾಲು ಜನ ಅವರಿಗೆ ಮತ ಹಾಕಿಲ್ಲ. ಅದೃಷ್ಟದ ಗವರ್ನರ್. ಗೆದ್ದ ಮೇಲಾದರೂ ನಯವಾಗಿ ನಡೀಬೇಕಿತ್ತು. ಹಾಗೆ ಮಾಡಲಿಲ್ಲ. ಡಿಸೆಂಬರ್‌ನಲ್ಲಿ ಶಾಸನಸಭೆಯ ಮುಂದೆ ಮಾಡಿದ ಮೊದಲ ಭಾಷಣದಲ್ಲೇ ಉಳಿದಿರೋ ಗುಲಾಮಗಿರಿ ತೆಗೀರಿ, ಕರಿಯರ ಮೇಲಿನ ಕಾನೂನು ಸಡಿಲ ಮಾಡಿ, ಸ್ವತಂತ್ರ ಕರಿಯರನ್ನು ಕದ್ದು ಮಾರುವುದನ್ನು ತಡೀರಿ ಅಂದರು. ಎದುರಿನವರಿಗೆ ಕಾರಣ ಸಿಕ್ಕಿತು. ಗುಲಾಮಗಿರಿ ತರಲಿಕ್ಕೆ ಸಂವಿಧಾನವನ್ನೇ ತಿದ್ದೋಣ ಅಂತ ಹೊರಟರು. ಕೋಲ್ಸ್ ಸುಮ್ಮನಿದ್ದಿದ್ದರೆ ಆ ಗಲಾಟೆಯೇ ಆಗುತ್ತಿರಲಿಲ್ಲ ಅಂತ ನನ್ನ ವಾದ.

ಹಳೇ_ಪುಸ್ತಕ
ಗುಮ್ಮಟ ಅವರೇ, ಅದು ಸರಿಯಲ್ಲ. ಮಿಸೌರಿ 1821ರಲ್ಲಿ ಗುಲಾಮಗಿರಿಯ ರಾಜ್ಯವಾಗಿ ಸೇರಿತ್ತು. ಗುಲಾಮರನ್ನು ಕಟ್ಟಿಕೊಂಡ ಶ್ರೀಮಂತರು ಇಲಿನಾಯ್ ರಸ್ತೆಯಲ್ಲೇ ಅಲ್ಲಿಗೆ ಹೋಗುತ್ತಿದ್ದರು. ಇಲ್ಲಿನವರು ಅದನ್ನು ನೋಡಿ 'ಆ ದುಡ್ಡು ನಮ್ಮ ಊರಲ್ಲೇ ಉಳೀಬಹುದಿತ್ತು' ಅಂತ ಹೊಟ್ಟೆಕಿಚ್ಚು ಪಡ್ತಿದ್ದರು. ಕೋಲ್ಸ್ ಮಾತಾಡಲಿ ಬಿಡಲಿ, ಆ ಬೇಡಿಕೆ ಬಂದೇ ಬರುತ್ತಿತ್ತು. ಇವರು ಮೊದಲೇ ಬಾಯಿಬಿಟ್ಟದ್ದಕ್ಕೆ ಯಾರು ಯಾವ ಕಡೆ ಅನ್ನೋದು ಬಯಲಾಯಿತು.

ಕರಿಕೋಟು
ಆಮೇಲೆ ಶಾಸನಸಭೆಯಲ್ಲಿ ನಡೆದದ್ದಂತೂ ನಾಚಿಕೆಗೇಡು. ಸಂವಿಧಾನ ತಿದ್ದುವ ಸಭೆ ಕರೆಯಲು ಜನರ ಮತ ಕೇಳಬೇಕು. ಅದಕ್ಕೆ ಮೊದಲು ಸದನದಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಲೆಕ್ಕ ಹಾಕಿದರೆ ಒಂದೇ ಮತ ಕಮ್ಮಿ. ಪೈಕ್ ಕೌಂಟಿಯ ಸ್ಥಾನಕ್ಕೆ ನಿಕೊಲಸ್ ಹ್ಯಾನ್ಸನ್, ಜಾನ್ ಶಾ ಅಂತ ಇಬ್ಬರ ತಕರಾರು ಇತ್ತು. ಸದನ ಮೊದಲೇ ವಿಚಾರಣೆ ಮಾಡಿ ಹ್ಯಾನ್ಸನ್ ಗೆದ್ದದ್ದು ಅಂತ ತೀರ್ಮಾನ ಕೊಟ್ಟಾಗಿತ್ತು. ಹ್ಯಾನ್ಸನ್ ತಿದ್ದುಪಡಿಗೆ ವಿರುದ್ಧ ಮತ ಹಾಕಿದರು. ತಕ್ಷಣ ಅದೇ ಸದನ ಹಳೆ ತೀರ್ಮಾನ ತಿರುಗಿಸಿ, ಅವರನ್ನು ಹೊರಗೆ ಹಾಕಿ, ಶಾ ಅವರನ್ನು ಕರೆಸಿ ಕೂರಿಸಿ, ಬೇಕಾದ ಒಂದು ಮತ ಮಾಡಿಕೊಂಡಿತು! 1823ರ ಫೆಬ್ರವರಿ.

ಬನವಾಸಿ_ಬಾಲು
ಇದು ನಮ್ಮ ಟಿವಿಯಲ್ಲಿ ನೇರಪ್ರಸಾರ ಆಗೋ ಸಂಗತಿಗಳನ್ನು ನೋಡಿದ ಹಾಗೇ ಇದೆ.

ಓದುಬರಹ_ಸುಮಾ
ಆ ರಾತ್ರಿ ವ್ಯಾಂಡೇಲಿಯಾ ಊರಲ್ಲಿ, ಆಗ ಅದೇ ರಾಜಧಾನಿ, ಗೆದ್ದವರು ಮೆರವಣಿಗೆ ತೆಗೆದರು. ಕೊಂಬು ಊದುತ್ತಾ, ತಗಡು ಬಡಿಯುತ್ತಾ ಕೋಲ್ಸ್ ಮನೆ ಮುಂದೆ ಬಂದು ನಿಂತು ಕೂಗಾಡಿದರು. ಹ್ಯಾನ್ಸನ್ ಪ್ರತಿಕೃತಿ ಸುಟ್ಟರು. ಗವರ್ನರ್ ಇನ್ನೂ ಮದುವೆಯಾಗದ 36ರ ಮನುಷ್ಯ. ಅಂಥ ರಾತ್ರಿ ಅದು.

ಗೋಳಗುಮ್ಮಟ
ಒಪ್ಪಿದೆ, ಎದೆಗಾರಿಕೆ ಇತ್ತು. ಆದರೆ ಗೆಲುವು ಬಂದದ್ದು ಒಬ್ಬರಿಂದಲ್ಲ. ಜಾನ್ ಮೇಸನ್ ಪೆಕ್ ಎನ್ನುವ ಬ್ಯಾಪ್ಟಿಸ್ಟ್ ಬೋಧಕರು ಊರೂರು ತಿರುಗಿದರು. ಇಂಗ್ಲೆಂಡಿಂದ ಬಂದು ನೆಲೆಸಿದ್ದ ಮಾರಿಸ್ ಬರ್ಕ್‌ಬೆಕ್ 'ಜೊನಾಥನ್ ಫ್ರೀಮನ್' ಅನ್ನೋ ಹೆಸರಲ್ಲಿ ಪತ್ರಿಕೆಗೆ ಬರೆದರು. ಸಂಸತ್ತಿನಲ್ಲಿದ್ದ ಡೇನಿಯಲ್ ಕುಕ್ ಜೊತೆಗಿದ್ದರು. ಷಿಕಾಗೊ ಇರೋ ಕುಕ್ ಕೌಂಟಿ ಅವರ ಹೆಸರೇ.

ಹಳೇ_ಪುಸ್ತಕ
ಅದನ್ನೇ ನಾನೂ ಹೇಳೋದು. ಎಲ್ಲರನ್ನೂ ಒಂದು ಕಡೆ ಕಟ್ಟಿದವರು ಕೋಲ್ಸ್. ವ್ಯಾಂಡೇಲಿಯಾದ ಪತ್ರಿಕೆಯೊಂದನ್ನು ಸ್ನೇಹಿತರ ಜೊತೆ ಸೇರಿ ಕೊಂಡು ತಮ್ಮ ಕಡೆಗೆ ತಿರುಗಿಸಿಕೊಂಡರು. ಫಿಲಡೆಲ್ಫಿಯಾದ ಬ್ಯಾಂಕರ್ ನಿಕೊಲಸ್ ಬಿಡಲ್‌ಗೆ ಕಾಗದ ಬರೆದರು, ಅವರಿಂದ ಗುಲಾಮಗಿರಿಯ ವಿರೋಧಿ ರಾಬರ್ಟ್ಸ್ ವಾಕ್ಸ್ ಪರಿಚಯ ಆಯ್ತು, ಅಲ್ಲಿಂದ ಕರಪತ್ರಗಳು ಅಚ್ಚಾಗಿ ಬಂದವು. ಗವರ್ನರ್ ಸಂಬಳ ವರ್ಷಕ್ಕೆ 1,000 ಡಾಲರ್. ನಾಲ್ಕು ವರ್ಷದ 4,000 ಡಾಲರನ್ನೂ ಈ ಕೆಲಸಕ್ಕೇ ಸುರಿದರು.

ಹದಿನೆಂಟು ತಿಂಗಳು ಜಗಳ ನಡೀತು. ಮನೆಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಒಂದು ಕಡೆ. 1824ರ ಆಗಸ್ಟ್ 2ಕ್ಕೆ ಮತದಾನ. ಸಭೆ ಕರೆಯಲು ಪರವಾಗಿ 4,972. ವಿರುದ್ಧ 6,640. ಗುಮ್ಮಟ ಅವರೇ, ಇಲ್ಲಿ ಮತ ಒಡೆಯೋಕೆ ಮೂರನೇ ಅಭ್ಯರ್ಥಿ ಇರಲಿಲ್ಲ. ನೇರವಾಗಿ ಬೇಕು, ಬೇಡ. ಎರಡು ವರ್ಷದ ಹಿಂದೆ ಮೂರರಲ್ಲಿ ಒಂದು ಪಾಲು ಮತ ಪಡೆದವರ ಕಡೆಗೆ ಈಗ ಅರ್ಧಕ್ಕಿಂತ ಜಾಸ್ತಿ ಜನ ಬಂದರು.

ಗೋಳಗುಮ್ಮಟ
ಬೇಡ ಅಂದವರೆಲ್ಲ ಕರಿಯರ ಮೇಲಿನ ಪ್ರೀತಿಗೆ ಬೇಡ ಅಂದರಾ? ಬಡ ಬಿಳಿ ರೈತನಿಗೆ ಗುಲಾಮರನ್ನು ಇಟ್ಟ ದೊಡ್ಡ ಜಮೀನ್ದಾರನ ಜೊತೆ ಪೈಪೋಟಿ ಬೇಡವಾಗಿತ್ತು. ಎಷ್ಟೋ ಜನಕ್ಕೆ ಕರಿಯರೇ ಇಲ್ಲಿ ಬೇಡವಾಗಿತ್ತು.

ಮೇಷ್ಟ್ರು_ಧಾರವಾಡ
ಗುಮ್ಮಟ ಅವರ ಈ ಮಾತನ್ನು ನಾನು ನೂರಕ್ಕೆ ನೂರು ಒಪ್ಪುತ್ತೇನೆ. 1824ರಲ್ಲಿ ಗೆದ್ದ ಮೇಲೂ ಇಲಿನಾಯ್ ಕರಿಯರ ವಿರುದ್ಧದ ಕಾನೂನುಗಳನ್ನು ಕೈಬಿಡಲಿಲ್ಲ. ಕೋರ್ಟಿನಲ್ಲಿ ಬಿಳಿಯರ ವಿರುದ್ಧ ಸಾಕ್ಷಿ ಹೇಳುವಂತಿಲ್ಲ. ಕೈಯಲ್ಲಿ ಬಿಡುಗಡೆ ಪತ್ರ ಇಲ್ಲದವರನ್ನು ಓಡಿಬಂದವರು ಅಂತ ಹಿಡಿಯಬಹುದು. ಆ ಕಾನೂನುಗಳು ಪೂರ್ತಿ ಹೋದದ್ದು 1865ರಲ್ಲಿ. ಕೋಲ್ಸ್ ತಮ್ಮವರಿಗೆ ಪತ್ರಗಳನ್ನು ಬರೆದುಕೊಟ್ಟದ್ದು 1819ರ ಜುಲೈ 4ರಂದು, ಸ್ವಾತಂತ್ರ್ಯ ದಿನವನ್ನೇ ನೋಡಿ. ಆ ಒಂದು ಹಾಳೆ ಕಳೆದುಹೋದರೆ ಅವರ ಗತಿ ಏನು ಅಂತ ಯೋಚಿಸಿ.

ಕರಿಕೋಟು
ಆ ಪತ್ರಗಳಿಗೇ ಕೇಸು ಬಿತ್ತಲ್ಲ ಮೇಷ್ಟ್ರೇ! 1819ರಲ್ಲಿ ಇಲಿನಾಯ್ ಒಂದು ಕಾನೂನು ಮಾಡಿತ್ತು. ಹೊರಗಿನಿಂದ ತಂದು ಬಿಡುಗಡೆ ಮಾಡುವವರು ತಲಾ 1,000 ಡಾಲರ್ ಜಾಮೀನು ಬರೆದುಕೊಡಬೇಕು, ಇಲ್ಲದಿದ್ದರೆ ತಲಾ 200 ಡಾಲರ್ ದಂಡ. ಮಾರ್ಚ್‌ನಲ್ಲಿ ಪಾಸಾದ ಆ ಕಾನೂನು ಅಚ್ಚಾಗಿ ಹೊರಬಂದದ್ದು ಅಕ್ಟೋಬರ್‌ನಲ್ಲಿ. ಕೋಲ್ಸ್ ಜುಲೈನಲ್ಲೇ ಪತ್ರ ಕೊಟ್ಟಾಗಿತ್ತು. ಯಾರೂ ಐದು ವರ್ಷ ಮಾತಾಡಲಿಲ್ಲ. 1824ರಲ್ಲಿ, ಜಗಳ ಕಾವೇರಿದಾಗ, ಕೌಂಟಿಯವರು ಕೇಸು ಹಾಕಿದರು. ಹತ್ತು ಮಂದಿಗೆ 2,000 ಡಾಲರ್ ದಂಡ ಅಂತ ತೀರ್ಪಾಯಿತು. ಅಷ್ಟರಲ್ಲಿ ಶಾಸನಸಭೆ ದಂಡ ಮನ್ನಾ ಮಾಡಿತು. ನ್ಯಾಯಾಧೀಶ ಮೆಕ್‌ರಾಬರ್ಟ್ಸ್ ಅದನ್ನೂ ಒಪ್ಪಲಿಲ್ಲ. 1826ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ತಿರುಗಿಸಿದ ಮೇಲೆ ಬಿಡುಗಡೆ. ನಾನು ಕೋರ್ಟಲ್ಲೇ ದಿನ ಕಳೆಯೋನು. ರಾಜಕೀಯದ ಸೇಡಿಗೆ ಹಾಕುವ ಕೇಸಿನ ವಾಸನೆ ಎಲ್ಲಿದ್ದರೂ ಗೊತ್ತಾಗುತ್ತೆ.

ತುಂಗಾತೀರ
ಬಿಡುಗಡೆಯಾದವರು ಮುಂದೆ ಏನಾದರು? ನನಗೆ ಅದು ಮುಖ್ಯ.

ಪ್ರೇರಿ_ಕನ್ನಡಿಗ
ಎಡ್ವರ್ಡ್ಸ್‌ವಿಲ್ ಪಕ್ಕ ಪಿನ್ ಓಕ್ ಅಂತ ಇದೆ. ಅಲ್ಲೇ ಉಳುಮೆ ಮಾಡಿಕೊಂಡು ನೆಲೆ ನಿಂತರು. ಆ ಸುತ್ತ ಸ್ವತಂತ್ರ ಕರಿಯ ರೈತರ ಒಂದು ಊರೇ ಬೆಳೆಯಿತು. ಮಕ್ಕಳು ಮೊಮ್ಮಕ್ಕಳು ಅಲ್ಲೇ ಬೇಸಾಯ ಮಾಡಿದರು.

ತುಂಗಾತೀರ
ಇದು ಕೇಳಿ ಸಂತೋಷ ಆಯ್ತು. 160 ಎಕರೆ ಕೊಟ್ಟದ್ದನ್ನು ನಾನು ದೊಡ್ಡದು ಅಂತಲೇ ಎಣಿಸ್ತೀನಿ. 1865ರಲ್ಲಿ ಇಡೀ ದೇಶದಲ್ಲಿ ಬಿಡುಗಡೆ ಆದಾಗ ಸರಕಾರ ಅವರಿಗೆ ನೆಲ ಕೊಡಲಿಲ್ಲ. ಬರಿಗೈಯಲ್ಲಿ ಬಿಟ್ಟಿತು. ಇವರು ನಾಲ್ಕು ದಶಕ ಮೊದಲೇ ನೆಲ ಇಲ್ಲದ ಬಿಡುಗಡೆ ಅರ್ಧ ಬಿಡುಗಡೆ ಅಂತ ತಿಳಿದಿದ್ದರು. ಹನ್ನೊಂದು ವರ್ಷದ ಬಗ್ಗೆ ನನ್ನ ತಕರಾರು ಹಾಗೇ ಇರುತ್ತೆ.

ರಂಗೋಲಿ
ಗವರ್ನರ್ ಕೆಲಸ ಮುಗಿದ ಮೇಲೆ ಏನು ಮಾಡಿದರು?

ಮೇಷ್ಟ್ರು_ಧಾರವಾಡ
1826ರಲ್ಲಿ ಅವಧಿ ಮುಗೀತು. 1831ರಲ್ಲಿ ಕಾಂಗ್ರೆಸ್ಸಿಗೆ ನಿಂತು ಸೋತರು. ಜನ ಮರೆತಿದ್ದರು. ಫಿಲಡೆಲ್ಫಿಯಾಕ್ಕೆ ಹೋಗಿ 1833ರಲ್ಲಿ ಸ್ಯಾಲಿ ಲೋಗನ್ ರಾಬರ್ಟ್ಸ್ ಅವರನ್ನು ಮದುವೆಯಾದರು. ಮ್ಯಾಡಿಸನ್‌ರಿಗೆ ಮಾತ್ರ ಪತ್ರ ಬರೆಯುತ್ತಲೇ ಇದ್ದರು, ಉಯಿಲಿನಲ್ಲಾದರೂ ನಿಮ್ಮ ಗುಲಾಮರನ್ನು ಬಿಡುಗಡೆ ಮಾಡಿ ಅಂತ. 1836ರಲ್ಲಿ ಮ್ಯಾಡಿಸನ್ ತೀರಿಕೊಂಡರು. ಉಯಿಲಿನಲ್ಲಿ ಬಿಡುಗಡೆ ಇರಲಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕೆಲಸ ಇದೆ. ಜೆಫರ್ಸನ್‌ಗಿಂತ ಮೊದಲು ಅಧ್ಯಕ್ಷರಾಗಿದ್ದ ಜಾನ್ ಆಡಮ್ಸ್ ಮತ್ತು ಜೆಫರ್ಸನ್ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. 1811ರಲ್ಲಿ ಕೋಲ್ಸ್ ಸಹೋದರರು ಆಡಮ್ಸ್ ಮನೆಗೆ ಹೋಗಿದ್ದಾಗ ಆ ಮುದುಕರು, ನನಗೆ ಜೆಫರ್ಸನ್ ಮೇಲೆ ಮೊದಲಿಂದಲೂ ಪ್ರೀತಿ, ಈಗಲೂ ಇದೆ ಅಂದುಬಿಟ್ಟರು. ಆ ಮಾತು ಜೆಫರ್ಸನ್ ಕಿವಿಗೆ ಬಿತ್ತು. 1812ರ ಜನವರಿ 1ಕ್ಕೆ ಆಡಮ್ಸ್ ಕಾಗದ ಬರೆದರು. ಅಲ್ಲಿಂದ ಇಬ್ಬರೂ ಸಾಯುವವರೆಗೆ ಪತ್ರಗಳು ನಿಲ್ಲಲಿಲ್ಲ.

ಓದುಬರಹ_ಸುಮಾ
ಮಗನ ವಿಷಯ ಯಾರೂ ಎತ್ತಲಿಲ್ಲ. ರಾಬರ್ಟ್ಸ್ ಕೋಲ್ಸ್. ಅಪ್ಪ ಬಿಟ್ಟು ಬಂದ ವರ್ಜೀನಿಯಾಕ್ಕೇ ಹೋಗಿ ನೆಲೆಸಿದ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆ ಸೇರಿದ. 1862ರ ಫೆಬ್ರವರಿಯಲ್ಲಿ ರೋನೋಕ್ ದ್ವೀಪದ ಕಾಳಗದಲ್ಲಿ ಸತ್ತ. ಅಪ್ಪನಿಗೆ ಆಗ 75 ವರ್ಷ. ಅವರು ತೀರಿಕೊಂಡದ್ದು 1868ರ ಜುಲೈನಲ್ಲಿ. ಗುಲಾಮಗಿರಿ ದೇಶದಿಂದಲೇ ಹೋದದ್ದನ್ನು ಕಣ್ಣಾರೆ ಕಂಡರು, ಆದರೆ ಅದನ್ನು ಉಳಿಸಲು ಹೊರಟವರ ಕಡೆ ನಿಂತು ಸ್ವಂತ ಮಗ ಸತ್ತಿದ್ದ. ಎರಡನ್ನೂ ಒಂದೇ ಎದೆಯಲ್ಲಿ ಹೇಗೆ ಇಟ್ಟುಕೊಂಡರೋ.

ಬನವಾಸಿ_ಬಾಲು
ಅಯ್ಯೋ. ಇದು ಗೊತ್ತಿರಲಿಲ್ಲ.

ಗೋಳಗುಮ್ಮಟ
ಮಗನನ್ನು ಅಪ್ಪನ ಲೆಕ್ಕಕ್ಕೆ ಬರೆಯೋದು ಬೇಡ. 1862ರಲ್ಲಿ ಇಂಥ ಮನೆಗಳು ಅಲ್ಲಿ ಬೇಕಾದಷ್ಟಿದ್ದವು. ನನಗೆ ಒಂದು ಡೌಟು: ಕೋಲ್ಸ್ ರಾಜ್ಯದಲ್ಲಿ ಇಲ್ಲದಾಗ ಉಪಗವರ್ನರ್ ಕುರ್ಚಿ ಹಿಡಿದ ಕತೆ ನಿಜವಾ?

ಕರಿಕೋಟು
ನಿಜ. 1825ರಲ್ಲಿ ಕೋಲ್ಸ್ ರಜೆ ಮೇಲೆ ಹೊರಗೆ ಹೋಗಿದ್ದರು. ಅಡಾಲ್ಫಸ್ ಹಬ್ಬರ್ಡ್ ಎನ್ನುವ ಉಪಗವರ್ನರ್ ಕೆಲಸ ನೋಡಿಕೊಳ್ಳುತ್ತಿದ್ದರು. ಕೋಲ್ಸ್ ವಾಪಸ್ ಬಂದರೆ, ನೀವು ರಾಜ್ಯ ಬಿಟ್ಟು ಹೋದಿರಿ, ಹುದ್ದೆ ಹೋಯಿತು, ಈಗ ನಾನೇ ಗವರ್ನರ್ ಅಂತ ಕೂತರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ಹಬ್ಬರ್ಡ್ ಮಾತು ಒಪ್ಪಲಿಲ್ಲ.

ಗೋಳಗುಮ್ಮಟ
ಆ ತೀರ್ಪಿನ ಪೂರ್ತಿ ವಿವರ ಇದ್ದರೆ ಇಲ್ಲೇ ಹಾಕಿ ವಕೀಲ್ರೇ. ರಾಜ್ಯಪಾಲರು, ಮುಖ್ಯಮಂತ್ರಿ ಹೊರಗೆ ಹೋದಾಗ ಅಧಿಕಾರ ಯಾರದ್ದು ಅನ್ನೋ ಚರ್ಚೆ ನಮ್ಮಲ್ಲೂ ಆಗಾಗ ಬರುತ್ತೆ.

ಕರಿಕೋಟು
ಭಾನುವಾರ ಬಿಡುವು ಮಾಡಿಕೊಂಡು ಬರೀತೀನಿ. ಬಾಲು, ನೀನು ಅಷ್ಟರೊಳಗೆ ಹೈದರ್ ಆಲಿ ಹಡಗಿನ ಚರ್ಚೆ ಶುರು ಮಾಡು.